ಹಿಂದಿನ ಸೀಟಿನ ಕಾನೂನು

ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷ ಮುದ್ದುರಂಗಯ್ಯನವರು, ಸ್ಕೂಟರ್ ಮೇಲೆ ಫೋನ್ ನೋಡುವ ಹುಡುಗರ ಚಾಳಿಯನ್ನು ಕಾನೂನು ಬಿಡಿಸೀತೇ ಎಂದು ಕಾಲೇಜಿನಲ್ಲಿ ಚರ್ಚೆ ಇಟ್ಟರು. ಆ ದಿನ ಬೆಳಿಗ್ಗೆಯೇ ಸಮಿತಿಯ ಗುಮಾಸ್ತನನ್ನು ಕರೆದರು.

“ಹುಡುಗರು ನಡುಗುವಂಥ ಕಾನೂನು ಬರೆದು ತಾ. ಒಬ್ಬ ನಕ್ಕರೂ ನಿನ್ನನ್ನು ರಾಜ್ಯದ ಗಡಿಗೆ ವರ್ಗ ಮಾಡಿಸ್ತೀನಿ.”

ಪಾಪ, ಗುಮಾಸ್ತ ಆ ಊರಲ್ಲಿ ಕಟ್ಟಿಸಿದ ಮನೆಗೆ ಇನ್ನೂ ಗೃಹಪ್ರವೇಶವೇ ಆಗಿರಲಿಲ್ಲ.

ಸಭೆಯಲ್ಲಿ ಅಧ್ಯಕ್ಷರು ಐದು ಸಾವಿರ ದಂಡ ಎಂದರು. ಹುಡುಗರು ಆಕಳಿಸಿದರು. ಕಟ್ಟುವವರು ಅಪ್ಪಂದಿರು. ಲೈಸೆನ್ಸ್ ರದ್ದು ಎಂದರು. ಹುಡುಗರು ಫೋನಿನಿಂದ ಕಣ್ಣೆತ್ತದೆ ತಲೆದೂಗಿದರು.

ಆಗ ಗುಮಾಸ್ತ ತನ್ನ ಕರಡು ಓದಿದ. “ಸಿಕ್ಕಿಬಿದ್ದವರ ಅಜ್ಜಿ ಒಂದು ತಿಂಗಳು ಹಿಂದಿನ ಸೀಟಿನಲ್ಲಿ ಕೂತು ಕಾಲೇಜಿಗೆ ಬರತಕ್ಕದ್ದು. ದಾರಿಯಲ್ಲಿ ಸಿಕ್ಕ ಗೆಳೆಯ ಗೆಳತಿಯರ ಮನೆತನ ವಿಚಾರಿಸತಕ್ಕದ್ದು.”

ಮುನ್ನೂರು ಫೋನುಗಳು ಒಟ್ಟಿಗೆ ಜೇಬು ಸೇರಿದವು. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರ ಮೊಮ್ಮಗನೇ ಕೈಮುಗಿದು ಎದ್ದ.

“ತಾತ, ದಂಡ ಬೇಕಾದ್ರೆ ಹತ್ತು ಸಾವಿರ ಮಾಡಿ. ಅಜ್ಜಿ ಮಾತ್ರ ಬೇಡ.”

ಅಧ್ಯಕ್ಷರು ಮೀಸೆ ತಿರುವಿದರು. “ನೋಡಿದಿರಾ ಕಾನೂನಿನ ಶಕ್ತಿ? ಇವತ್ತಿನಿಂದಲೇ ಜಾರಿ.”

“ಬೆಳಿಗ್ಗೆ ಕಾರು ಓಡಿಸ್ತಾ ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ ತಾತ?”

ಅಧ್ಯಕ್ಷರು ಗುಮಾಸ್ತನ ಕಿವಿಯತ್ತ ಬಗ್ಗಿದರು. “ಇದಕ್ಕೆ ವಯಸ್ಸಿನ ಮಿತಿ ಹಾಕಿದ್ದೀಯೇನಯ್ಯಾ?”

“ಇಲ್ಲ ಸ್ವಾಮಿ. ಅಜ್ಜಿ ಇಲ್ಲದವರಿಗೆ ಹೆಂಡತಿ ಅಂತ ಕೊನೇ ಸಾಲಿದೆ. ಓದಲೇ?”

ಅಧ್ಯಕ್ಷರು ಆ ಹಾಳೆಯನ್ನು ತಾವೇ ಮಡಚಿ ಒಳಜೇಬಿಗೆ ಹಾಕಿಕೊಂಡರು.

ಮುಂದಿನ ವಾರ ಗುಮಾಸ್ತನ ಗೃಹಪ್ರವೇಶಕ್ಕೆ ಅಧ್ಯಕ್ಷರು ಹೆಂಡತಿ ಸಮೇತ ಬಂದರು. ಕಾರು ಓಡಿಸಿದ್ದು ಅವರೇ. ಎರಡೂ ಕೈ ಸ್ಟೀರಿಂಗ್ ಮೇಲಿದ್ದವು.