ಕಡಲೆ ಹೊಲದ ಮರೆ

"ಗುರುಗಳೇ, ದಿನವೂ ನಸುಕಿನಲ್ಲಿ ಎದ್ದು ಹಾಡುತ್ತೇನೆ. ಕೇಳುವವನು ಇದ್ದಾನೋ ಇಲ್ಲವೋ ತಿಳಿಯದು. ಇದ್ದರೆ ಒಮ್ಮೆಯಾದರೂ ಓಗೊಡಬಾರದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಕರಿಮಣ್ಣಿನ ಬಯಲುಸೀಮೆಯಲ್ಲಿ ಒಬ್ಬ ಬೇಟೆಗಾರನಿದ್ದ. ಅಲ್ಲಿ ಮರವಿಲ್ಲ, ಗುಡ್ಡವಿಲ್ಲ. ಕಣ್ಣು ಹಾಯುವವರೆಗೂ ಹೊಲ. ಜಿಂಕೆ ಮನುಷ್ಯನನ್ನು ದೂರದಿಂದಲೇ ಕಂಡು ಓಡಿಬಿಡುತ್ತದೆ. ಹಾಗಾಗಿ ಅವನು ಹೊಲದ ನಡುವೆ ಗುಂಡಿ ತೋಡಿ, ಸುತ್ತ ಜೋಳದ ದಂಟು ನಿಲ್ಲಿಸಿ ಮರೆ ಕಟ್ಟುತ್ತಿದ್ದ. ಬೆಳಕು ಹರಿಯುವ ಮೊದಲೇ ಬಿಲ್ಲು ಹಿಡಿದು ಅದರೊಳಗೆ ಸೇರುತ್ತಿದ್ದ. ಕೆಮ್ಮು ಬಂದರೂ ನುಂಗಿಕೊಂಡು ಕೂರುತ್ತಿದ್ದ. ಕೂರುವ ಜಾಗವನ್ನು ಹೊಲದ ಒಡೆಯನ ಹೊರತು ಯಾರಿಗೂ ಹೇಳುತ್ತಿರಲಿಲ್ಲ. ಹೆಂಡತಿಗೂ ಹೇಳುತ್ತಿರಲಿಲ್ಲ.

ಅವರಿಗೆ ಒಂದು ಹೆಣ್ಣು ಮಗುವಾಗಿತ್ತು. ಹೊನ್ನಿ ಎಂದು ಹೆಸರಿಟ್ಟಿದ್ದರು. ಹಲ್ಲು ಮೂಡುವ ಮೊದಲೇ ಜ್ವರ ಬಂದು ಮಗು ತೀರಿಕೊಂಡಿತು. ಮಣ್ಣು ಮಾಡಿ ಬಂದ ಸಂಜೆ ಬೇಟೆಗಾರ, "ಆ ಹೆಸರು ಇನ್ನು ಈ ಮನೆಯಲ್ಲಿ ಬೇಡ" ಎಂದ. ಸಂಕಟ ತಡೆಯಲಾರದೆ ಆಡಿದ ಮಾತು ಅದು. ಹೆಂಡತಿ ಅದನ್ನು ಅಪ್ಪಣೆಯೆಂದು ತಿಳಿದಳು. ಅಂದಿನಿಂದ ಆ ಮನೆಯಲ್ಲಿ ಉಪ್ಪು, ಹಿಟ್ಟು, ಸೌದೆಯ ಮಾತಷ್ಟೇ ಉಳಿಯಿತು.

ಚಳಿಗಾಲ ಬಂತು. ಒಬ್ಬ ರೈತನ ಕಡಲೆ ಹೊಲಕ್ಕೆ ಜಿಂಕೆಗಳು ಬಿದ್ದವು. ರೈತ ಬೇಟೆಗಾರನನ್ನು ಕರೆಸಿದ. ಅವನು ಮರೆ ಕಟ್ಟಿ ಕೂತ.

ಬೆಳಗಿನ ಜಾವ ಹೊಲದ ಮೇಲೆ ಮಂಜು ಹಾಲು ಚೆಲ್ಲಿದಂತೆ ಹರಡಿತ್ತು. ಜಿಂಕೆಗಳು ಬಂದವು. ಕಾಲು ಕಾಣುತ್ತಿರಲಿಲ್ಲ; ಬೆನ್ನು, ಕೊಂಬು ಮಾತ್ರ ತೇಲಿ ಬಂದವು. ದೊಡ್ಡ ಗಂಡು ಜಿಂಕೆಯೊಂದು ಮರೆಯ ಹತ್ತಿರವೇ ನಿಂತು ಸೊಪ್ಪು ಮೇಯತೊಡಗಿತು. ಅದರ ಉಸಿರಿನ ಬಿಸಿ ದಂಟಿನ ಸಂದಿಯಿಂದ ಒಳಗೆ ಬಂತು. ಬೇಟೆಗಾರ ಬಾಣ ಹೂಡಿದ.

ಆಗ ಹಾಡು ಕೇಳಿಸಿತು.

ನಿದ್ದೆಯೋ ಎಚ್ಚರವೋ ಅವನಿಗೆ ತಿಳಿಯಲಿಲ್ಲ. ಮಂಜಿನೊಳಗಿಂದ ಒಬ್ಬ ಹೆಂಗಸು ನಡೆದು ಬಂದಳು. ಕಡಲೆ ಗಿಡಗಳ ಮೇಲೆ ರಾತ್ರಿ ಹಾಸಿಟ್ಟ ಬಿಳಿ ಬಟ್ಟೆಯನ್ನು ಎತ್ತಿ, ಅದು ಹೀರಿದ, ಕಡಲೆ ಸೊಪ್ಪಿನ ಹುಳಿ ಬೆರೆತ ಇಬ್ಬನಿಯನ್ನು ಮದ್ದಿಗೆಂದು ಗಡಿಗೆಗೆ ಹಿಂಡುತ್ತಿದ್ದಳು. ಅವಳು ಅವನ ಹೆಂಡತಿ. ದಿನವೂ ಬರುವ ಅವಳು ಜಿಂಕೆಗಳಿಗೆ ಹೊಸಬಳಲ್ಲ. ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವಳು ಹೊಲದಲ್ಲಿ ಹೊಸದಾಗಿ ಎದ್ದ ಮರೆಯನ್ನು ಒಮ್ಮೆ ನೋಡಿ, ಅದರತ್ತ ಬಂದು, ಅದಕ್ಕೆ ಬೆನ್ನು ಮಾಡಿ ಕೂತು ಹಾಡಿದಳು.

"ಮಲಗು ಹೊನ್ನಿ, ಹೊಲವೂ ಮಲಗಿದೆ. ನಿನ್ನ ಅಪ್ಪ ಬರುವ ಹೊತ್ತಾಯಿತು, ಮಲಗು."

ಬೇಟೆಗಾರನ ಕೈ ಸಡಿಲಿತು. ಬಾಣ ತೊಡೆಯ ಮೇಲೆ ಬಿತ್ತು. ಅಳು ಬಂತು, ಅದನ್ನೂ ಕೆಮ್ಮಿನಂತೆ ನುಂಗಿದ. ತಾನು ಅಲುಗಿದರೆ ಜಿಂಕೆ ಓಡುತ್ತದೆ, ಹಾಡು ನಿಲ್ಲುತ್ತದೆ ಎಂದು ಕಲ್ಲಾಗಿ ಕೂತ.

ಮರುದಿನವೂ ಹೋದ. ಅದರ ಮರುದಿನವೂ ಹೋದ. ಬಿಲ್ಲು ಹೆಗಲಿಗಿತ್ತು, ಹೋಗುತ್ತಿದ್ದುದು ಹಾಡು ಕೇಳಲು. ಹಾಡಿನಲ್ಲಿ ಮಗು ಬೆಳೆಯುತ್ತಿತ್ತು. ಒಂದು ದಿನ ಅಂಬೆಗಾಲಿಕ್ಕಿತು. ಒಂದು ದಿನ ಅವನ ಬಿಲ್ಲು ಎಳೆದು ಆಡಿತು. ಜಿಂಕೆಗಳು ಮಾತ್ರ ಹೊಲವನ್ನು ಒಂದು ಕಡೆಯಿಂದ ಬೋಳು ಮಾಡುತ್ತ ಬಂದವು.

ರೈತ ಬಂದು ನೋಡಿದ. "ಜಿಂಕೆ ಹೆಜ್ಜೆಗಳು ನಿನ್ನ ಮರೆಯ ಬಾಯಿವರೆಗೂ ಇವೆಯಲ್ಲೋ. ಯಾಕೆ ಹೊಡೆಯಲಿಲ್ಲ?"

"ಮಂಜಿತ್ತು ಗೌಡ್ರೇ. ಕಾಣಲಿಲ್ಲ."

"ಹಾಗಾದರೆ ನೀನು ಬೇಡ. ನಾಳೆಯಿಂದ ತಮಟೆ ಬಡಿಯುವವರನ್ನು ಇಡುತ್ತೇನೆ. ಮರೆ ಕಿತ್ತು ಹಾಕು."

ಬೇಟೆಗಾರ ಮರೆ ಕಿತ್ತ. ಗುಂಡಿ ಮುಚ್ಚಿದ. ದಂಟಿನ ಹೊರೆ ಹೊತ್ತು ಹಾಡುಹಗಲೇ ಮನೆಗೆ ಬಂದ. ಇನ್ನು ಆ ಹಾಡು ಕೇಳಲು ಅವನಿಗೆ ಎಲ್ಲಿಯೂ ಜಾಗವಿರಲಿಲ್ಲ. ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊರೆ ಇಳಿಸಿ, ಎಂದೂ ಕೂರದವನು, ಅವಳ ಪಕ್ಕದಲ್ಲಿ ಕೂತ. ಹೊರೆಯಿಂದ ಒಂದು ದಂಟು ಮುರಿದು ಒಲೆಗೆ ಇಟ್ಟ.

ಕೊನೆಗೆ, "ಹೊನ್ನಿಗೆ ನಿನ್ನದೇ ಕಣ್ಣಿತ್ತು" ಎಂದ.

ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ಮೂಗು ನಿಮ್ಮದು" ಎಂದಳು.

ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಇಬ್ಬರೂ ಅದನ್ನು ತಿರುವಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು, "ಪಾಪ, ಆ ತಾಯಿ ಎಷ್ಟು ಬೆಚ್ಚಿಬಿದ್ದಿರಬೇಕು! ಯಾರೂ ಇಲ್ಲದ ಬಯಲಿಗೆ ಹಾಡಿಕೊಂಡದ್ದನ್ನು ಗಂಡ ಕೇಳಿಸಿಕೊಂಡಿದ್ದನಲ್ಲ" ಎಂದ.

"ಮರೆಯೊಳಗೆ ಅವನಿದ್ದಾನೆಂದು ತಿಳಿದೇ ಅವಳು ಅಲ್ಲಿಗೆ ಬಂದು ಹಾಡುತ್ತಿದ್ದಳು, ಮಗು" ಎಂದರು ಗುರುಗಳು.