ನುಂಗುವಾಗ ಉಸಿರು ಎಲ್ಲಿರುತ್ತದೆ?

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಒಬ್ಬ ವೃದ್ಧ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರ ಶಿಷ್ಯೆ ಶಾಂಭವಿ ಐವತ್ತು ದಾಟಿದ ಹೆಂಗಸು, ಊರ ದವಾಖಾನೆಯಲ್ಲಿ ನರ್ಸ್. ಕೆಲಸ ಮುಗಿಸಿ ಮಠಕ್ಕೆ ಬಂದು, ಲಕ್ವ ಹೊಡೆದು ಮಲಗಿದ್ದ ಬಸಲಿಂಗವ್ವನನ್ನು ನೋಡಿಕೊಳ್ಳುತ್ತಿದ್ದಳು.

ಮಠಕ್ಕೆ ಬಂದವರಿಗೆಲ್ಲ ಜೀವಮಾನವಿಡೀ ಅಡುಗೆ ಮಾಡಿ ಬಡಿಸಿದವಳು ಬಸಲಿಂಗವ್ವ. ಈಗ ಗುಟುಕು ನೀರು ಕುಡಿದರೂ ಕೆಮ್ಮಿ ಕೆಮ್ಮಿ ಉಸಿರು ಕಟ್ಟುತ್ತಿತ್ತು.

ಇಂಥವರ ಆರೈಕೆ ಕಲಿಯಲೆಂದೇ ಶಾಂಭವಿ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದಳು.

ಒಂದು ಸಂಜೆ ಗುರುಗಳ ಮುಂದೆ ಕೂತು ಹೇಳಿದಳು, "ಅಜ್ಜಾರ, ನಾ ಆ ಕೋರ್ಸ್ ಬಿಡ್ತೀನ್ರಿ."

"ಯಾಕವ್ವಾ?"

"ಅಲ್ಲಿ ಎಲ್ಲಾರೂ ಸಣ್ಣಾರು, ನನ್ನ ಮಗಳ ವಾರಿಗಿಯವರು. ಮೊನ್ನೆ ಏನೋ ಕೇಳಿದ್ರು, ತಪ್ಪು ಹೇಳಿದೆ. ಯಾರೋ ಕಿಸಕ್ಕಂತ ನಕ್ರು."

"ಬಸಲಿಂಗವ್ವಗ ನೀರು ಯಾಕ ನೆತ್ತಿಗೇರತೈತಿ ಅಂತ ಕೇಳಿದೇನು?"

"ಹೆಂಗ ಕೇಳ್ಲಿ? ಇಷ್ಟು ವರ್ಷ ನರ್ಸ್ ಆಗಿ ಇದೂ ಗೊತ್ತಿಲ್ಲೇನು ಅಂತಾರ."

ಗುರುಗಳು ಅವಳ ಕೈಯಲ್ಲಿದ್ದ ಮೊಬೈಲಿನ ಕಡೆ ನೋಡಿದರು.

"ಇವತ್ತು ಕ್ಲಾಸ್ ಐತೇನು?"

"ಈಗ ಚಾಲೂ ಆಗ್ತೈತ್ರಿ."

"ಹಚ್ಚು. ನಾನೂ ಕೂಡ್ತೀನಿ."

ಅವರು ತಮ್ಮ ಪೀಠದಿಂದ ಇಳಿದರು. ಮೊಬೈಲನ್ನು ಆ ಪೀಠದ ಮೇಲೆ ಒರಗಿಸಿಟ್ಟು, ಶಾಂಭವಿಯ ಪಕ್ಕ ನೆಲದ ಮೇಲೆ ಕೂತರು.

ಪಾಠ ಹೇಳುತ್ತಿದ್ದವಳು ಎಳೆಯ ವಯಸ್ಸಿನ ಮೇಡಂ. ಕೊನೆಗೆ, "ಯಾರಿಗಾದರೂ ಪ್ರಶ್ನೆ ಇದೆಯಾ?" ಎಂದಳು.

ಶಾಂಭವಿ ತಲೆ ತಗ್ಗಿಸಿದಳು.

ಗುರುಗಳು ಪಿಸುಗುಟ್ಟಿದರು, "ಮಾತಾಡಾಕ ಎಲ್ಲಿ ಒತ್ತಬೇಕು?"

ಅವಳು ಒತ್ತಿಕೊಟ್ಟಳು.

"ಯವ್ವಾ, ನಾವು ನುಂಗುವಾಗ ಉಸಿರು ಎಲ್ಲಿರತೈತಿ?"

ಆ ಕಡೆ ಯಾರೋ ನಕ್ಕರು. ಗುರುಗಳೂ ನಕ್ಕರು. ಆದರೆ ಉತ್ತರಕ್ಕೆ ಕಾಯುತ್ತ ಕೂತೇ ಇದ್ದರು.

ಮೇಡಂ ನಗಲಿಲ್ಲ. "ಒಳ್ಳೇ ಪ್ರಶ್ನೆ, ಅಜ್ಜಾ. ಆ ಕ್ಷಣ ಉಸಿರು ನಿಲ್ಲುತ್ತೆ. ನಿಲ್ಲದಿದ್ದರೆ ನೀರು ಉಸಿರಿನ ದಾರಿ ಹಿಡಿಯುತ್ತೆ."

ಶಾಂಭವಿ ತಟ್ಟನೆ ತಲೆಯೆತ್ತಿದಳು. "ಮೇಡಂ, ನಮ್ಮ ಬಸಲಿಂಗವ್ವ ಅಂತ ಒಬ್ಬಾಕಿ ಅದಾಳ್ರಿ..." ಎಂದು ಶುರು ಮಾಡಿದವಳು ಎಲ್ಲವನ್ನೂ ಹೇಳಿ ಮುಗಿಸಿದಳು.

"ಕುಡಿಸುವಾಗ ಅವರ ತಲೆ ಹಿಂದಕ್ಕೆ ವಾಲಿಸ್ತೀರಾ?"

"ಹೌದ್ರಿ. ಸಲೀಸಾಗಿ ಇಳೀಲಿ ಅಂತ."

"ನೇರ ಕೂರಿಸಿ, ಗದ್ದ ಎದೆಯ ಕಡೆ ಬಾಗಿಸಿ ನೋಡಿ. ತೆಳು ನೀರು ಬೇಡ, ಮಂದ ಇರಲಿ. ಒಂದು ಚಮಚ ಇಳಿದ ಮೇಲೇ ಇನ್ನೊಂದು. ಮೊದಲು ನಿಮ್ಮ ಡಾಕ್ಟರನ್ನು ಕೇಳಿ."

ಮರುದಿನ ಡಾಕ್ಟರು ಬಂದು ನೋಡಿ ಒಪ್ಪಿದರು. ಶಾಂಭವಿ ಬಸಲಿಂಗವ್ವನನ್ನು ನೇರ ಕೂರಿಸಿದಳು. ಗದ್ದ ಬಾಗಿಸಿ, ಒಂದು ಚಮಚ ಜೋಳದ ಅಂಬಲಿ ಹಾಕಿದಳು.

ಗಂಟಲು ಅಲುಗಿತು. ಕೆಮ್ಮು ಬರಲಿಲ್ಲ.

ಬಸಲಿಂಗವ್ವ ಇನ್ನೊಂದು ಚಮಚಕ್ಕೆ ತಾನೇ ಬಾಯಿ ತೆರೆದಳು.

ಶಾಂಭವಿ ಗುರುಗಳ ಬಳಿ ಓಡಿದಳು. ಸುದ್ದಿ ಹೇಳುತ್ತ ಹೇಳುತ್ತಲೇ ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಮೆಲ್ಲಗೆ ಕೇಳಿದಳು:

"ಅಜ್ಜಾರ, ಅಷ್ಟು ಮಂದಿ ಮುಂದ ಹಂಗ ಕೇಳಾಕ ನಿಮಗ ನಾಚಿಕಿ ಆಗಲಿಲ್ಲೇನ್ರಿ?"

"ಆತವ್ವಾ. ಕಿವಿ ಬಿಸಿ ಆದವು," ಎಂದರು ಗುರುಗಳು. "ನಮ್ಮ ಗುರುಗಳ ಮುಂದ ಪ್ರಶ್ನೆ ಕೇಳುವಾಗ ಹಂಗ ಆಗ್ತಿತ್ತು. ಅವರು ಹೋದ ಮ್ಯಾಲ ನಿನ್ನೇನ ಮತ್ತ ಆಗಿದ್ದು."