ಬಳೆಗಾರನ ಬೆರಳು

“ಗುರುಗಳೇ, ನನ್ನ ಸಿಟ್ಟನ್ನು ಬೇರುಸಹಿತ ಕೀಳಬೇಕೆಂದು ದಿನವಿಡೀ ಹೊಂಚುಹಾಕುತ್ತೇನೆ. ಕಿತ್ತಷ್ಟೂ ಹೆಚ್ಚುತ್ತಿದೆ. ಅದು ಬೇಗ ಹೋಗುವ ದಾರಿ ಯಾವುದು?” ಎಂದು ಅಡವಯ್ಯ ಕೇಳಿದ. ಕೂತಲ್ಲಿ ಕೂರಲಾರದ ಶಿಷ್ಯ ಅವನು. ಗುರುಗಳು ಅವನಿಗೊಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನ ತೋರುಬೆರಳಿನ ಮೇಲೆ ಒಂದು ನರಹುಲಿ ಎದ್ದಿತು. ನೋವಿಲ್ಲ, ತುರಿಕೆಯಿಲ್ಲ, ಮೆಣಸಿನ ಕಾಳಿನಷ್ಟು ಗಂಟು. ಆದರೆ ಅವನ ಒಬ್ಬಳೇ ಮಗಳು ಬಸುರಿಯಾಗಿದ್ದಳು. ಎರಡು ತಿಂಗಳಿಗೆ ಸೀಮಂತ. ಆ ದಿನ ಮಗಳಿಗೆ ಹಸಿರು ಬಳೆಯನ್ನು ತಂದೆಯೇ ತೊಡಿಸಬೇಕೆಂಬುದು ಆ ಬಳೆಗಾರರ ಮನೆತನದ ಪದ್ಧತಿ. ಅಷ್ಟರೊಳಗೆ ಬೆರಳು ನುಣ್ಣಗಾಗಲೇಬೇಕೆಂದು ಅವನು ಹಟ ಹಿಡಿದ.

ನಾಟಿ ಮದ್ದು ಕೊಡುವ ಅಜ್ಜಿಯೊಬ್ಬಳು ಬೆರಳು ನೋಡಿದಳು. “ದಿನಾ ಬಿಸಿನೀರಲ್ಲಿ ನೆನೆಸು. ನಿಂಗೇ ಅಂತ ಬೇರೆ ಒಂದು ಕಲ್ಲಿಟ್ಟುಕೊಂಡು ಮೆಲ್ಲಗೆ ಉಜ್ಜು, ಬಟ್ಟೆ ಸುತ್ತು. ಕೀಳಬೇಡ, ಕೊಯ್ಯಬೇಡ ಮಗಾ, ಇದು ಅಂಟ್ತದೆ, ಹರಡ್ತದೆ. ಮೂರು ತಿಂಗಳೋ ನಾಲ್ಕೋ, ಅದಕ್ಕೆ ಮನಸ್ಸು ಬಂದಾಗ ಹೋಗ್ತದೆ” ಎಂದಳು.

ಮೂರು ತಿಂಗಳೆಂದರೆ ಸೀಮಂತ ಮುಗಿದೇ ಹೋಗಿರುತ್ತದೆ. ಬಳೆಗಾರ ನಾಲ್ಕು ದಿನ ತಾಳಿದ. ತಾಳಿದ ಎಂದರೆ, ಗಳಿಗೆಗೊಮ್ಮೆ ಬಟ್ಟೆ ಬಿಚ್ಚಿ ನೋಡಿದ. ಆಮೇಲೆ ಯಾರೋ ಹೇಳಿದರೆಂದು ಕುದುರೆ ಬಾಲದ ಕೂದಲು ಬಿಗಿದ, ಇನ್ಯಾರೋ ಹೇಳಿದರೆಂದು ಸುಣ್ಣ ಹಚ್ಚಿ ಸುಟ್ಟುಕೊಂಡ. ನರಹುಲಿ ಹೋಗಲೆಂದು ಹರಕೆ ಹೊತ್ತು ದೇವರ ಹೊಂಡಕ್ಕೆ ಉಪ್ಪು ಸುರಿದ, ಸುರಿದ ಕೈಯನ್ನು ಅಲ್ಲೇ ಮೆಟ್ಟಿಲ ಮೇಲೆ ತಿರುಗಿಸಿ ನೋಡಿದ. ದೇವರಿಗಾದರೂ ಒಂದು ದಿನ ಬಿಡುವು ಕೊಡಬೇಡವೇ? ಆತುರಗಾರನಿಗೆ ಬುದ್ಧಿ ಮಟ್ಟ. ಕೊನೆಗೆ ಒಡೆದ ಬಳೆಯ ಚೂರೊಂದನ್ನು ಎತ್ತಿಕೊಂಡು ನರಹುಲಿಯನ್ನು ಕೊಯ್ದೇಬಿಟ್ಟ. ರಕ್ತ ಹತ್ತಿದ ಅದೇ ಚೂರಿನಿಂದ, ಬಳೆ ಏರಿಸಿ ಏರಿಸಿ ಜಡ್ಡುಗಟ್ಟಿದ್ದ ಉಳಿದ ಬೆರಳುಗಳನ್ನೂ ನುಣ್ಣಗಾಗಲೆಂದು ಕೆರೆದ.

ಸೀಮಂತ ಹತ್ತಿರ ಬರುವಷ್ಟರಲ್ಲಿ ಎರಡೂ ಕೈ ತುಂಬ ನರಹುಲಿ. ಹೆಂಗಸರು ಬಳೆ ಆರಿಸಿಕೊಂಡು, ನಾವೇ ತೊಟ್ಟುಕೊಳ್ಳುತ್ತೇವೆ ಎನ್ನತೊಡಗಿದರು. ಮಗಳ ಅತ್ತೆಯೂ ಅವನ ಕೈ ನೋಡಿ, ಬಸುರಿಯನ್ನು ಮುಟ್ಟುವುದು ಬೇಡ ಎಂದಳು.

ಆ ದಿನ ನೆರೆಯೂರಿನ ಬಳೆಗಾರ ಬಂದು ಮಗಳಿಗೆ ಬಳೆ ತೊಡಿಸಿದ. ತಂದೆ ಕೈಗಳನ್ನು ಶಲ್ಯದೊಳಗೆ ಬಚ್ಚಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಅಷ್ಟು ಹೊತ್ತೂ ಮಗಳು ಅವನನ್ನೇ ನೋಡುತ್ತಿದ್ದಳು.

ಆಮೇಲೆ ಅವನು ಅಜ್ಜಿ ಹೇಳಿದಂತೆ ನಡೆದ. ಅವಸರಪಡಲು ಇನ್ನೇನೂ ಉಳಿದಿರಲಿಲ್ಲ. ವರ್ಷ ತುಂಬುವುದರೊಳಗೆ ಕೈ ನುಣ್ಣಗಾಯಿತು.

ಅಡವಯ್ಯ ಚಡಪಡಿಸಿದ. “ಹಾಗಾದರೆ ಗುರುಗಳೇ, ಮೊದಲಿನಿಂದಲೂ ತಾಳಿಕೊಂಡಿದ್ದರೆ ಸೀಮಂತದ ಹೊತ್ತಿಗೆ ಬೆರಳು ಶುದ್ಧವಾಗಿರುತ್ತಿತ್ತು, ಅಲ್ಲವೇ?”

ಗುರುಗಳು ಹೇಳಿದರು: “ಇಲ್ಲ, ಒಂದು ನರಹುಲಿ ಇದ್ದೇ ಇರುತ್ತಿತ್ತು, ಅದಕ್ಕೆ ಬಟ್ಟೆ ಸುತ್ತಿಕೊಂಡು ತಂದೆ ಮಗಳಿಗೆ ಬಳೆ ತೊಡಿಸುತ್ತಿದ್ದ.”